ನೀಲಿ ಕಿತ್ತಳೆ

"ಈಗ ನೋಡಿ ಅತ್ತೆ," ಅಂದಳು ಶ್ರೀರಕ್ಷಾ.

ಕೃಷ್ಣವೇಣಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಲ್ಯಾಪ್‌ಟಾಪಿನ ಪರದೆಗೆ ಬಗ್ಗಿದರು. ಎತ್ತಿನ ಗಾಡಿಯೊಂದು ಗಂಟೆ ಬಾರಿಸುತ್ತ ನಾಗಪುರದ ಸೀತಾಬರ್ಡಿಯ ಸಂತೆಗೆ ಹೊರಟಿತ್ತು. ಎತ್ತುಗಳು ಕೋಡು ತೂಗುತ್ತಿದ್ದವು, ಗಾಲಿಗಳು ನುಣ್ಣಗೆ ಉರುಳುತ್ತಿದ್ದವು. ಗಾಡಿಯ ತುಂಬ ಹೇರಿದ್ದ ಕಿತ್ತಳೆ ಹಣ್ಣು ಮಾತ್ರ ಸೋಮವಾರ ಇದ್ದಂತೆಯೇ ಅಚ್ಚ ನೀಲಿಯಾಗಿತ್ತು.

"ನೀಲಿ," ಅಂದರು.

"ನೀಲೀನೇ." ಸೊಸೆ ಕುರ್ಚಿಗೆ ಒರಗಿದಳು. "ಇನ್ನು ಬದಲಾಯಿಸೋಕೆ ಒಂದು ಸೆಟಿಂಗೂ ಉಳಿದಿಲ್ಲ ಅತ್ತೆ. ಇರೋದೆಲ್ಲ ತಿರುಗಿಸಿ ಆಯ್ತು."

ಕೃಷ್ಣವೇಣಿ ತೊಡೆಯ ಮೇಲಿದ್ದ ಉದ್ದನೆಯ ನೋಟುಬುಕ್ಕಿನಲ್ಲಿ ಬರೆದುಕೊಂಡರು: ಬದಲಾವಣೆ ಹತ್ತೊಂಬತ್ತು, ಫಲ ನೀಲಿ. ಸೇನೆಗೆ ಮದ್ದುಗುಂಡು ಮಾಡುವ ಆರ್ಡ್ನನ್ಸ್ ಫ್ಯಾಕ್ಟರಿಯಲ್ಲಿ, ಮಾಲಿನ ಅಳತೆ ನೋಡುವ ಗೇಜು ವಿಭಾಗದಲ್ಲಿ, ಮೂವತ್ತೊಂದು ವರ್ಷ ತಪಾಸಣೆ ಮಾಡಿದ ಕೈ ಅದು. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನು ಬರೆಯುವುದು, ಫಲ ಸಿಗದಿದ್ದರೆ ಮೊದಲಿದ್ದ ಜಾಗಕ್ಕೆ ಹಿಂತಿರುಗುವುದು. ಅಡುಗೆಮನೆಯಲ್ಲಿ ಸಾರಿಗೆ ಉಪ್ಪು ಹಾಕುವಾಗಲೂ ಅವರದು ಇದೇ ಕಾನೂನು.

ಊರಿನ ಕನ್ನಡ ಸಂಘದ ಕಪಾಟಿನಲ್ಲಿ ಸಿಕ್ಕ ಒಂದು ಹಳೆಯ ಸಿ.ಡಿ., ಅದರೊಳಗಿನ 'ಸಂತ್ರಾ ಗಾಡಿ', ಅಂದರೆ ಕಿತ್ತಳೆ ಗಾಡಿ, ಎಂಬ ಕನ್ನಡ ಆಟ, ಅದನ್ನು ಮಾಡಿದ್ದು ನಾನೇ ಎನ್ನುವ ಇಬ್ಬರು ಗಂಡಸರು: ಈ ತಕರಾರು, ಇಂಥ ಗಂಟು ಬಿಡಿಸುವುದರಲ್ಲಿ ಹೆಸರಾದ ಕೃಷ್ಣವೇಣಿಯವರ ಮಡಿಲಿಗೆ ಬಿದ್ದು ಇಂದಿಗೆ ಆರು ದಿನ.

ಇನ್ನು ಉಳಿದಿದ್ದು ಎರಡೇ ತಾಸು. ನಾಳೆ ಭಾನುವಾರ ರಾಜ್ಯೋತ್ಸವ. ಬೆಳಿಗ್ಗೆ ಹನ್ನೊಂದಕ್ಕೆ ಪುಣೆಯ ಕಂಪನಿಯೊಂದರವರು ಬಂದು ಆಟ ನೋಡುತ್ತಾರೆ. ಯಾರ ಹೆಸರು ಆಟದ ಮುಂದೆ ಇಡುವ ಫಲಕದ ಮೇಲಿದೆಯೋ ಅವರ ಹೆಸರಿನಲ್ಲೇ ಅದು ಊರೂರಿನ ಮಕ್ಕಳಿಗೆ ಹೋಗುತ್ತದೆ. ಫಲಕ ಬರೆಯುವ ಪೇಂಟರು ಇಂದು ಸಂಜೆ ಐದಕ್ಕೆ ಬರುವವನಿದ್ದ. ಸಂಘದ ಸಭಾಂಗಣದ ಗೋಡೆಯ ಗಡಿಯಾರದಲ್ಲಿ ಆಗಲೇ ಮೂರಾಗಿತ್ತು.

ವೇದಿಕೆಯ ಮೇಲೆ ಹೆಂಗಸರು ಕೋಲಾಟದ ತಾಲೀಮು ನಡೆಸಿದ್ದರು. ಪಕ್ಕದಲ್ಲಿ ಏಣಿ ಹತ್ತಿದ್ದ ಶಿವಪ್ರಸಾದ ಬಣ್ಣದ ಕಾಗದದ ತೋರಣ ಕಟ್ಟುತ್ತಿದ್ದರು. ಕೃಷ್ಣವೇಣಿಯವರ ಗಂಡ, ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತರಾದರೂ ಕಟ್ಟುವ ಚಟದಿಂದ ನಿವೃತ್ತರಾಗಿರಲಿಲ್ಲ. ಸಿಗ್ನಲ್ ಕೋಣೆಯ ತಂತಿಗಳನ್ನು ಬಿಗಿಯುವ ಮೇಣದ ದಾರದ ಉಂಡೆ ಅವರ ಜೇಬಿನಲ್ಲಿ ಸದಾ ಇರುತ್ತಿತ್ತು. ತೋರಣವಾಗಲಿ, ಉಪ್ಪಿನಕಾಯಿ ಭರಣಿಯ ಬಾಯಿಬಟ್ಟೆಯಾಗಲಿ, ಇಂದು ಮನೆಯಿಂದ ತಂದ ಚಕ್ಕುಲಿಯ ಡಬ್ಬಿಯಾಗಲಿ, ನಾಲ್ಕು ಗಂಟು, ಐದನೆಯದಕ್ಕೆ ಒಂದು ಸುತ್ತು ಹೆಚ್ಚು. ಆ ಹೆಚ್ಚಿನ ಸುತ್ತು ಬಿಡಿಸುವಷ್ಟರಲ್ಲಿ ಹಸಿವೆಯೇ ಸತ್ತುಹೋಗುತ್ತದೆ ಎಂದು ಕೃಷ್ಣವೇಣಿ ಮೂವತ್ತನಾಲ್ಕು ವರ್ಷದಿಂದ ಗೊಣಗುತ್ತಿದ್ದರು.

ಈ ಕೇಸಿನಲ್ಲಿ ಗಂಡನಿಂದ ಅವರಿಗೆ ಎಳ್ಳಷ್ಟೂ ಸಹಾಯವಾಗಿರಲಿಲ್ಲ. ಇಬ್ಬರಲ್ಲಿ ಒಬ್ಬರು ಹೇಳುವ ಪ್ರಕಾರ ಆಟ ಹುಟ್ಟಿದ್ದು ನಾಗಪುರದಾಚೆಯ ಖಾಪರಖೇಡಾದ ವಿದ್ಯುತ್ ಕೇಂದ್ರದ ಕಾಲೋನಿಯಲ್ಲಂತೆ, ಅಲ್ಲಿ ಯಾರದಾದರೂ ಪರಿಚಯ ಇದೆಯೇ ಎಂದು ಮಂಗಳವಾರ ಚಹಾದ ಹೊತ್ತಿಗೆ ಕೇಳಿದ್ದಕ್ಕೆ, "ಖಾಪರಖೇಡಾ ಯಾ ದಿಕ್ಕಿಗೈತಿ ಅಂತನೂ ನನಗ ಗೊತ್ತಿಲ್ಲ," ಅಂದು ಪೇಪರಿನ ಹಿಂದೆ ಮುಖ ಮರೆಸಿದ್ದರು.

ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಸೊಸೆಯೇ ಕೃಷ್ಣವೇಣಿಯವರ ಬಲಗೈ. ಆಟ ತೊಂಬತ್ತೊಂಬತ್ತನೇ ಇಸವಿಯದು. ಹತ್ತು ವರ್ಷದಲ್ಲಿ ಕಂಪ್ಯೂಟರುಗಳ ಕುಲವೇ ಬದಲಾಗಿ, ಹೊಸ ಯಂತ್ರ ಅದನ್ನು ಬಾಗಿಲಲ್ಲೇ ತಡೆಯುತ್ತಿತ್ತು. ಆದ್ದರಿಂದ ಶ್ರೀರಕ್ಷಾ ತನ್ನ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಇನ್ನೊಂದು ಸುಳ್ಳು ಕಂಪ್ಯೂಟರನ್ನು ಹುಟ್ಟಿಸಿದ್ದಳು. ವರ್ಚುವಲ್ ಮಷೀನ್ ಎಂದು ಅದರ ಹೆಸರು. ತಾನು ಇನ್ನೊಬ್ಬರ ಹೊಟ್ಟೆಯಲ್ಲಿದ್ದೇನೆ ಎಂಬುದು ಅದಕ್ಕೆ ಗೊತ್ತಿಲ್ಲ. ಹಳೆಯ ವಿಂಡೋಸ್ ತೊಟ್ಟುಕೊಂಡು ತೊಂಬತ್ತೊಂಬತ್ತರಲ್ಲೇ ಹಾಯಾಗಿರುತ್ತದೆ.

ಹಾಯಾಗಿತ್ತು, ಆದರೆ ಚಿತ್ರ ತೋರಿಸಲು ಮಾತ್ರ ಹಟ. ಸೋಮವಾರ ಹದಿನಾರೇ ಬಣ್ಣ ತೋರಿಸಿ ಎತ್ತುಗಳನ್ನು ಕೌದಿಯ ಹಾಗೆ ಮಾಡಿತ್ತು. ಇಂಟರ್ನೆಟ್ಟಿನಿಂದ, ಬಣ್ಣ ತೋರಿಸಲು ಅದಕ್ಕೆ ಕಲಿಸುವ ಚಿಕ್ಕದೊಂದು ಡ್ರೈವರ್ ತಂದು ಹಾಕಿದ ಮೇಲೆ ಸರಿಹೋಯಿತು. ಮಂಗಳವಾರ ಪರದೆ ನಡುಗಿತು. ಥ್ರೀ-ಡಿ ಸೆಟಿಂಗು ಬಂದ್ ಮಾಡಿದೊಡನೆ ನಡುಕ ನಿಂತಿತು. ಬುಧವಾರ ಕೆಳಗಿನ ಅರ್ಧ ಕಪ್ಪಾಯಿತು. ಚಿತ್ರಕ್ಕೆಂದು ಇಟ್ಟ ಮೆಮೊರಿ ಹೆಚ್ಚಿಸಿದಾಗ ಬೆಳಕಾಯಿತು. ಒಂದೊಂದು ರೋಗ ವಾಸಿಯಾದಾಗಲೂ ಅತ್ತೆ-ಸೊಸೆ ಇಬ್ಬರೂ ಒಂದೊಂದು ಚಕ್ಕುಲಿ ಮುರಿದು ಹಬ್ಬ ಮಾಡಿದ್ದರು. ಇದರ ಗಡಿಬಿಡಿಯಲ್ಲಿ ಏಳು ಸಂತೆಗಳ ಆಟದಲ್ಲಿ ಮೂರನೆಯ ಸಂತೆ ದಾಟಿ ಆಡಲು ಯಾರಿಗೂ ಪುರಸೊತ್ತು ಸಿಕ್ಕಿರಲಿಲ್ಲ.

ಯಾರಾದರೂ ಬೇಕೆಂದೇ ಕೈಯಾಡಿಸಿದ್ದಾರೆಯೇ ಎಂಬ ಗುಮಾನಿಯನ್ನೂ ಕೃಷ್ಣವೇಣಿ ಬಿಟ್ಟಿರಲಿಲ್ಲ. ಸುಳ್ಳು ಕಂಪ್ಯೂಟರು ಎಷ್ಟು ಹೊತ್ತಿಗೆ ಎದ್ದಿತು, ಯಾವ ಸೆಟಿಂಗಿನಲ್ಲಿ ಎದ್ದಿತು ಎಂಬುದನ್ನೆಲ್ಲ ಬರೆದಿಡುವ ಒಂದು ಫೈಲು ಇತ್ತು. ಅದನ್ನು ಸಾಲು ಸಾಲಾಗಿ ಓದಿಸಿಕೊಂಡಿದ್ದರು. ಸೊಸೆಯ ಕೈ ಬಿಟ್ಟು ಬೇರೆ ಕೈ ಅದರಲ್ಲಿ ಇರಲಿಲ್ಲ.

"ರಕ್ಷಾ," ಅಂದರು ಈಗ, ಪೆನ್ನಿನ ಮುಚ್ಚಳ ಹಾಕುತ್ತ. "ನಾವು ಆರು ದಿನದಿಂದ ಗೇಜು ತಪ್ಪೈತಿ ಅಂತ ಗೇಜನ್ನs ತಿಕ್ಕಲಿಕ್ಕೆ ಹತ್ತೇವಿ. ಒಮ್ಮೆನೂ ಅದರಾಗ ಸರಿ ಇದ್ದ ಮಾಲು ಹಾಕಿ ನೋಡಿಲ್ಲ."

"ಅಂದ್ರೆ?"

ಕೃಷ್ಣವೇಣಿ ಎದ್ದು ಹೋಗಿ ಸಾವಿತ್ರಮ್ಮನ ಬುಟ್ಟಿಯಿಂದ ಒಂದು ಕಿತ್ತಳೆ ಹಣ್ಣು ತಂದರು. ಸಾವಿತ್ರಮ್ಮ ಸಂಘದ ಉಗ್ರಾಣ ನೋಡಿಕೊಳ್ಳುವವರು, ಸೊಂಟದಲ್ಲಿ ಕೀಲಿಕೈ ಗೊಂಚಲು. ನಾಳೆಯ ಪ್ರಸಾದದ ಹಣ್ಣಿಗೆ ಇವತ್ತೇ ಕೈ ಹಾಕಿದ್ದಕ್ಕೆ ಅವರು ಕಣ್ಣು ಬಿಟ್ಟದ್ದನ್ನು ಕೃಷ್ಣವೇಣಿ ಕಂಡೂ ಕಾಣದಂತಿದ್ದರು.

"ಇದರ ಫೋಟೋ ತಗದು ನಿನ್ನ ಒಳಗಿನ ಕಂಪ್ಯೂಟರಿಗೆ ತೋರಸು."

ಶ್ರೀರಕ್ಷಾ ಮೊಬೈಲಿನಲ್ಲಿ ಫೋಟೋ ತೆಗೆದು ಒಳಗೆ ದಾಟಿಸಿ ತೆರೆದಳು. ಹಳೆಯ ವಿಂಡೋಸಿನ ನಟ್ಟನಡುವೆ, ನೀಲಿ ಹಣ್ಣಿನ ಗಾಡಿಯ ಪಕ್ಕದಲ್ಲೇ, ಕಿತ್ತಳೆ ಹಣ್ಣು ಕಿತ್ತಳೆಯಾಗಿಯೇ ಹೊಳೆಯಿತು.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಶ್ರೀರಕ್ಷಾ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ಅತ್ತೆ. ನನ್ನ ಮಷೀನ್ ಬಿಲ್ಕುಲ್ ಸರಿ ಇದೆ. ಆಟವೇ ಹುಟ್ಟಿದಾಗಿಂದ ನೀಲಿ."

"ಎಲೀ ಯಾ ಬಣ್ಣ ಐತಿ?"

"ಹಸಿರು. ಸರಿಯಾಗೇ ಇದೆ."

"ಎತ್ತು?"

"ಬಿಳಿ. ಕಾಗೆ ಕಪ್ಪು."

"ಆಕಾಶ?"

ಶ್ರೀರಕ್ಷಾ ಪರದೆಗೆ ಇನ್ನಷ್ಟು ಬಗ್ಗಿದಳು. ಆಕಾಶ ಮಾಸಲು ಕೇಸರಿಯಾಗಿತ್ತು. ಸಂಜೆಯ ಹೊತ್ತಿನ ಚಿತ್ರವೆಂದು ಇಬ್ಬರೂ ಅಂದುಕೊಂಡಿದ್ದರು. ಆದರೆ ಗಾಡಿಯ ಮುಂದೆ ಕೋಳಿ ಕೂಗುತ್ತಿತ್ತು, ಹಾಲಿನವನು ಸೈಕಲ್ ತುಳಿಯುತ್ತಿದ್ದ. ಅದು ನಸುಕಿನ ನಂತರದ ನಾಗಪುರವೇ ಹೊರತು ಸಂಜೆಯದಲ್ಲ.

ಕೃಷ್ಣವೇಣಿ ಕಿತ್ತಳೆಯ ಸಿಪ್ಪೆ ಸುಲಿದು ಅರ್ಧ ಸೊಸೆಗೆ ಕೊಟ್ಟರು. ಎದೆಯಲ್ಲಿ ಒಂದು ಸಣ್ಣ ಕುಣಿತ ಶುರುವಾಗಿತ್ತು. ಫ್ಯಾಕ್ಟರಿಯಲ್ಲಿ ಸಾವಿರ ತುಂಡು ಒಂದೇ ನಮೂನೆಯಲ್ಲಿ ತಪ್ಪಿ ಬಂದಾಗ ಆಗುತ್ತಿದ್ದ ಖುಷಿ ಅದು. ಬೇರೆಯವರು ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದ ದಿನಗಳಲ್ಲಿ ಅವರು ಹಾಡು ಗುನುಗುತ್ತಿದ್ದರು. ತಪ್ಪು ಒಂದೇ ನಮೂನೆಯದಾದರೆ ಅದಕ್ಕೆ ಒಬ್ಬನೇ ಅಪ್ಪ ಇರುತ್ತಾನೆ ಎಂದು ಅವರಿಗೆ ಗೊತ್ತಿತ್ತು.

"ಇಬ್ಬರನ್ನೂ ಕರಿ," ಅಂದರು.

ಶ್ರೀಕಾಂತ ಮೊದಲು ಬಂದ. ಸಂಘದ ಕಾರ್ಯದರ್ಶಿ, ಇಸ್ತ್ರಿಯ ಗೆರೆ ಮುರಿಯದ ಜುಬ್ಬಾ. ಸಭಾಂಗಣದ ಮೂರು ಫ್ಯಾನುಗಳ ರೆಕ್ಕೆಯ ಮೇಲೂ ಅವನ ಹೆಸರಿತ್ತು. ಫ್ಯಾನು ಕೊಟ್ಟವರು ಬೇರೆ, ಹೆಸರು ಬರೆಸುವ ಉತ್ಸಾಹ ಇವನದು. ಕಪಾಟಿನಲ್ಲಿ ಸಿ.ಡಿ. ಕಂಡ ದಿನವೇ ಪುಣೆಗೆ ಫೋನು ಮಾಡಿ, ಇದು ನನ್ನ ಯೌವನದ ಕೂಸು ಎಂದು ಹೇಳಿಬಿಟ್ಟಿದ್ದ.

"ಮೇಡಂ, ಇನ್ನೂ ಎಷ್ಟು ಹೊತ್ತು? ಪೇಂಟರ್ ಬರ್ತಾನೆ," ಅಂದ. "ಬಣ್ಣದ ವಿಷಯ ತಲೆ ಕೆಡಿಸ್ಕೋಬೇಡಿ. ಸಿ.ಡಿ. ಹಳೇದಾಗಿ ಕೆಟ್ಟಿದೆ ಅಷ್ಟೇ. ನಾನು ಮಾಡಿದಾಗ ಫಸ್ಟ್ ಕ್ಲಾಸ್ ಕಿತ್ತಳೆ ಬಣ್ಣ ಇತ್ತು."

ಹಿಂದೆಯೇ ವೇಣುಗೋಪಾಲರು ಬಂದರು. ಅರವತ್ತೇಳರ ಬಡಕಲು ಮನುಷ್ಯ, ಖಾಪರಖೇಡಾದಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು. ಬಂದವರು ಕುರ್ಚಿಯ ತುದಿಯಲ್ಲಿ ಕುಳಿತರು. ಮೊದಲ ದಿನ ಅವರು ಹೇಳಿದ್ದ ಮಾತು ಕೃಷ್ಣವೇಣಿಗೆ ಮರೆತಿರಲಿಲ್ಲ: ಜೀವಮಾನವಿಡೀ ಇಂಜಿನಿಯರುಗಳ ನಕ್ಷೆ ಬಿಡಿಸಿದೆನಮ್ಮ, ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ನನ್ನ ಹೆಸರು, ಇದೊಂದೇ ನನ್ನ ಸ್ವಂತದ್ದು.

"ನನ್ನದರಲ್ಲೂ ಕಿತ್ತಳೆ ಬಣ್ಣವೇ ಇತ್ತು," ಅಂದರು ಈಗ, ನೆಲ ನೋಡುತ್ತ. "ನೀಲಿ ಯಾಕಾಯ್ತೋ ನನಗೂ ತಿಳೀತಿಲ್ಲ."

"ತಿಳೀಲಿಲ್ಲಂದ್ರ ಪರವಾಗಿಲ್ಲರಿ," ಅಂದರು ಕೃಷ್ಣವೇಣಿ. "ಇಬ್ಬರೂ ನನಗೊಂದು ಹಣ್ಣು ಬಿಡಿಸಿ ಕೊಡ್ರಿ. ಆಟದ ಚಿತ್ರ ಎಲ್ಲಾ ವಿಂಡೋಸಿನ ಪೇಂಟ್‌ನಾಗ ಬಿಡಿಸಿದ್ವಿ ಅಂತ ಇಬ್ಬರೂ ಹೇಳೀರಿ. ಅದು ಇಲ್ಲೇ ಐತಿ. ಆಗ ಹೆಂಗ ಮಾಡತಿದ್ರಿ ಹಂಗs ಮಾಡ್ರಿ."

ಶ್ರೀಕಾಂತ ತೋಳು ಮಡಿಚಿ ಕುಳಿತ. ಪರದೆಯ ಕೆಳಗೆ ಎರಡು ಸಾಲು ಬಣ್ಣದ ಡಬ್ಬಿಗಳಿದ್ದವು. ಕೆಳಸಾಲಿನ ಕೊನೆಯ ಡಬ್ಬಿ ಕಿತ್ತಳೆ. ಅದನ್ನು ಒತ್ತಿ, ದುಂಡಗೆ ಒಂದು ಹಣ್ಣು ತುಂಬಿ, ಸುತ್ತ ನೋಡಿದ. ಕೋಲಾಟದ ಹೆಂಗಸರಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು.

ವೇಣುಗೋಪಾಲರ ಸರದಿ ಬಂದಾಗ ಕೃಷ್ಣವೇಣಿ ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಮಾತಿಗೆ ಎಳೆದರು. ಕಾಲೋನಿಯಲ್ಲಿ ಎಷ್ಟು ಮಕ್ಕಳಿದ್ದವು, ಮೊದಲು ಆಡಿದವರು ಯಾರು, ಆಡುವಾಗ ಏನನ್ನುತ್ತಿದ್ದರು. ಮಕ್ಕಳ ಮಾತು ಬಂದದ್ದೇ ಮುದುಕರ ಮುಖ ಅರಳಿತು.

"ಸಾಲು ಹಚ್ಚಿ ನಿಲ್ಲೋವು ಅಮ್ಮ. ಒಬ್ಬೊಬ್ಬರಿಗೆ ಒಂದೊಂದು ಸಂತೆ ಅಂತ ಲೆಕ್ಕ. ಆ ಕಾಲೋನಿಗೆಲ್ಲ ಅದೊಂದೇ ಕಂಪ್ಯೂಟರ್ರು, ನಾನು ಕಂಡಿದ್ದೂ ಅದೇ ಮೊದಲು..."

ಮಾತಿನ ನಡುವೆ ಅವರ ಕೈ ತನ್ನಷ್ಟಕ್ಕೆ ತಾನು ಕೆಲಸಕ್ಕೆ ತೊಡಗಿತ್ತು. ಮೌಸು ಮೇಲಿನ ಸಾಲಿಗೆ ಹೋಯಿತು. ಬಲದಿಂದ ನಾಲ್ಕನೆಯ ಡಬ್ಬಿಯ ಮೇಲೆ, ತಡಕಾಡದೆ, ಕತ್ತಲಲ್ಲಿ ಮನೆಯ ಸ್ವಿಚ್ಚು ಹುಡುಕುವಂತೆ ನೇರ ಹೋಗಿ ನಿಂತಿತು. ಒತ್ತಿದರು. ದುಂಡಗೆ ಒಂದು ಹಣ್ಣು ತುಂಬಿದರು.

ಹಣ್ಣು ನೀಲಿಯಾಗಿತ್ತು.

ವೇಣುಗೋಪಾಲರು ಕೈ ಹಿಂದಕ್ಕೆಳೆದುಕೊಂಡರು. "ಇದು... ಇದು ಹೀಗಿರಲಿಲ್ಲವಲ್ಲ. ಇದೇ ಡಬ್ಬಿ. ನೂರಾರು ಹಣ್ಣು ತುಂಬಿದೀನಿ ಇದರಿಂದ."

ಶ್ರೀಕಾಂತ ನಕ್ಕ. "ನೋಡಿದ್ರಲ್ಲ. ಪಾಪ, ವಯಸ್ಸು. ಕಿತ್ತಳೆ ಯಾವುದು, ನೀಲಿ ಯಾವುದು ಅನ್ನೋದೇ ಗೊತ್ತಾಗ್ತಿಲ್ಲ. ಇನ್ನು ಮುಗೀತಲ್ಲ ಮೇಡಂ?"

"ಈಗ ಶುರುವಾಯ್ತು," ಅಂದರು ಕೃಷ್ಣವೇಣಿ. "ರಕ್ಷಾ, ಆಟದ ಹಣ್ಣಿನ ನೀಲಿ ಮತ್ತ ಇವರು ತುಂಬಿದ ನೀಲಿ ಎರಡೂ ಒಂದs ಏನು, ಅಳದು ಹೇಳು."

ಶ್ರೀರಕ್ಷಾ ಅಳೆದಳು. ಕಂಪ್ಯೂಟರಿಗೆ ಪ್ರತಿ ಬಣ್ಣವೂ ಮೂರು ಅಂಕಿ: ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು. ಆಟದ ಹಣ್ಣಿನಲ್ಲಿ ಕೆಂಪು ಸೊನ್ನೆ, ಹಸಿರು ನೂರಿಪ್ಪತ್ತೆಂಟು, ನೀಲಿ ಇನ್ನೂರ ಐವತ್ತೈದು. ವೇಣುಗೋಪಾಲರ ಹಣ್ಣಿನಲ್ಲೂ ಅದೇ ಮೂರು ಅಂಕಿ, ಕೂದಲೆಳೆಯ ವ್ಯತ್ಯಾಸವಿಲ್ಲ.

"ಹಸಿರು ಇದ್ದಲ್ಲೇ ಇರಲಿ," ಅಂದರು ಕೃಷ್ಣವೇಣಿ. ಧ್ವನಿಯಲ್ಲಿ ಹಾಡಿನ ಎಳೆ ಬಂದಿತ್ತು. "ಕೆಂಪು, ನೀಲಿ ಎರಡರ ಅಂಕಿ ಅದಲುಬದಲು ಮಾಡು."

ಶ್ರೀರಕ್ಷಾ ಅದಲುಬದಲು ಮಾಡಿ ಒತ್ತಿದಳು. ನೀಲಿ ಹಣ್ಣು ನಾಗಪುರದ ಅಪ್ಪಟ ಸಂತ್ರಾ ಆಗಿ ಹಣ್ಣಾಯಿತು.

"ಅತ್ತೆ," ಅಂದಳು ಸೊಸೆ ಮೆಲ್ಲಗೆ. "ಕೆಂಪು ನೀಲಿ ಬದಲಾದ್ರೆ ಆಕಾಶವೂ ನೀಲಿಯಾಗುತ್ತೆ. ಎಲೆ, ಎತ್ತು, ಕಾಗೆ ಹಾಗೇ ಇರ್ತವೆ."

"ಬರೋಬರ್. ಇವರ ಆಟ ತಪ್ಪಿಲ್ಲ, ಇವರ ಕಣ್ಣೂ ತಪ್ಪಿಲ್ಲ. ಇವರು ನೋಡತಿದ್ದ ಮಾನಿಟರ್ ತಪ್ಪಿತ್ತು. ಅದರ ವೈರಿನಾಗ ಕೆಂಪು ನೀಲಿ ಅದಲುಬದಲಾಗಿತ್ತು. ಜೀವನದಾಗ ಕಂಡ ಮೊದಲನೇ ಕಂಪ್ಯೂಟರ್, ಅದು ತಪ್ಪೈತಿ ಅಂತ ಇವರಿಗೆ ಹೆಂಗ ಗೊತ್ತಾಗಬೇಕು? ಕಣ್ಣಿಗೆ ಕಿತ್ತಳೆ ಕಂಡ ಡಬ್ಬಿ ಒತ್ತಿದರು, ಸಿ.ಡಿ. ಒಳಗ ನೀಲಿ ಹೋಗಿ ಕೂತಿತು. ಗೇಜು ತಪ್ಪಿದ್ರ ಮಾಲೆಲ್ಲಾ ಒಂದs ನಮೂನಿ ತಪ್ಪತೈತಿ."

ಕೋಲಾಟದವರೂ ಕೋಲು ಹಿಡಿದೇ ಮೇಜಿನ ಸುತ್ತ ಸೇರಿದ್ದರು. ಸಾವಿತ್ರಮ್ಮನ ಕೀಲಿಕೈ ಗೊಂಚಲು ಝಣಗುಟ್ಟಿತು.

"ಕೃಷ್ಣವೇಣಿಯವರೇ, ಅಂಥಾ ಮಾನಿಟರ್ ಒಂದು ನಮ್ಮಲ್ಲೇ ಇದೆಯಲ್ಲ," ಅಂದರು ಅವರು. "ವೇದಿಕೆ ಕೆಳಗಿನ ಉಗ್ರಾಣದಲ್ಲಿ. ಒಂದು ಸಲ ಮದುವೆ ಸಿ.ಡಿ. ಹಾಕಿ ನೋಡಿದ್ವಿ, ಮದುಮಗಳ ಮುಖ ನೀಲಿ, ಪುರೋಹಿತರ ಮುಖ ನೀಲಿ. ಕೆಟ್ಟಿದೆ ಅಂತ ಎತ್ತಿಟ್ಟುಬಿಟ್ವಿ."

ನಾಟಕದ ಪರದೆಗಳ ಅಡಿಯಿಂದ ಅದನ್ನು ಹೊರತೆಗೆಯಲು ನಾಲ್ವರು ಹೆಂಗಸರು ಬೇಕಾಯಿತು. ಧೂಳು ಒರೆಸಿ, ಮೇಜಿನ ಮೇಲೆ ಕೂರಿಸಿ, ಶ್ರೀರಕ್ಷಾ ಅದರ ವೈರನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಮಾನಿಟರು ಕೆಮ್ಮಿದಂತೆ ಒಮ್ಮೆ ಸದ್ದು ಮಾಡಿ, ನಿಧಾನಕ್ಕೆ ಬೆಳಗಿತು.

ನೀಲಿ ಆಕಾಶದ ಕೆಳಗೆ, ಹಸಿರು ಬೇವಿನ ಮರಗಳ ನಡುವೆ, ಬಿಳಿಯ ಎತ್ತುಗಳು ಗಾಡಿ ತುಂಬ ಕಿತ್ತಳೆ ಹಣ್ಣು ಹೊತ್ತು ಸೀತಾಬರ್ಡಿಯ ಸಂತೆಗೆ ಹೊರಟವು.

ಹೆಂಗಸರು ಹೋ ಎಂದು ಕೋಲು ಬಡಿದರು. ಸಾವಿತ್ರಮ್ಮ ಪ್ರಸಾದದ ಬುಟ್ಟಿಯನ್ನೇ ಮೇಜಿನ ಮೇಲಿಟ್ಟು, ತಗೊಳ್ಳಿ ತಗೊಳ್ಳಿ ಅಂದರು. ವೇಣುಗೋಪಾಲರು ಎದ್ದು ಬಂದು ಪರದೆಯ ಗಾಜನ್ನು ಅಂಗೈಯಿಂದ ಮುಟ್ಟಿದರು. ಹತ್ತು ವರ್ಷದ ನಂತರ ಮನೆಗೆ ಬಂದವರ ಮುಖ ಅದು. ಈ ಕೆಲಸ ಕೃಷ್ಣವೇಣಿಗೆ ಇಷ್ಟವಾಗುವುದೇ ಇಂಥ ಒಂದು ಮುಖಕ್ಕಾಗಿ.

ಶ್ರೀಕಾಂತ ಮಾತ್ರ ನಿಧಾನಕ್ಕೆ ಚಪ್ಪಾಳೆ ತಟ್ಟಿದ.

"ಬಹಳ ಚಂದ ಕಂಡುಹಿಡಿದ್ರಿ ಮೇಡಂ," ಅಂದ. "ಆದ್ರೆ ಈ ಮಾನಿಟರ್ ಸಂಘದ್ದು. ನಾನು ಆಟ ಮಾಡಿದ್ದೂ ಇಲ್ಲೇ, ಇದೇ ಮಾನಿಟರ್ ಮೇಲೆ. ಹತ್ತು ವರ್ಷದಲ್ಲಿ ಯಾವ ಡಬ್ಬಿ ಅನ್ನೋದು ಮರೆತೆ, ಅಷ್ಟೇ. ಇದು ತೊಂಬತ್ತೊಂಬತ್ತರಲ್ಲಿ ಇವರ ಮನೇಲಿತ್ತು ಅಂತ ಕಂಡವರು ಯಾರಾದರೂ ಇದಾರಾ?"

"ಎರಡು ಸಾವಿರದ ಒಂದರಲ್ಲಿ ರಿಟೈರ್ ಆದಾಗ ನಾನೇ ತಂದುಕೊಟ್ಟೆ," ಅಂದರು ವೇಣುಗೋಪಾಲರು. "ಸಿ.ಡಿ. ಜೊತೆಗೇ ಕೊಟ್ಟೆ."

"ರಿಜಿಸ್ಟರ್ ನೋಡಿ," ಅಂದ ಶ್ರೀಕಾಂತ.

"ಆ ವರ್ಷದ ರಿಜಿಸ್ಟರ್ ಗೆದ್ದಲು ತಿಂದಿದೆ," ಅಂದರು ಸಾವಿತ್ರಮ್ಮ, ಸಣ್ಣ ದನಿಯಲ್ಲಿ. "ನಾನು ಉಗ್ರಾಣಕ್ಕೆ ಬಂದಿದ್ದು ಆಮೇಲೆ."

ಕೃಷ್ಣವೇಣಿಗೆ ಸತ್ಯ ಸ್ಪಷ್ಟವಾಗಿತ್ತು. ಕೈ ಸುಳ್ಳು ಹೇಳುವುದಿಲ್ಲ. ಆದರೆ ಕಮಿಟಿಯ ಮುಂದೆ ಕೈಯ ನೆನಪು ಸಾಕ್ಷಿಯಾಗುವುದಿಲ್ಲ, ಅಲ್ಲಿ ಆಳು ಬೇಕು. ಗಡಿಯಾರದಲ್ಲಿ ನಾಲ್ಕೂ ನಲವತ್ತಾಗಿತ್ತು. ಅವರು ಲ್ಯಾಪ್‌ಟಾಪಿಗೆ ಸಿಕ್ಕಿಸಿದ್ದ ಮಾನಿಟರಿನ ಪ್ಲಗ್ಗಿನತ್ತ ಬೆರಳು ತೋರಿಸಿದರು.

"ವೇಣುಗೋಪಾಲರೇ, ಈ ಪ್ಲಗ್ಗು ಕಂಪನಿಯದ್ದಲ್ಲ. ಮುರಿದದ್ದನ್ನ ಯಾರೋ ರಿಪೇರಿ ಮಾಡ್ಯಾರ. ಕೆಂಪು ನೀಲಿ ತಂತಿ ಅದಲುಬದಲಾದದ್ದು ಆವಾಗs. ಮಾಡಿದವರು ಯಾರು? ಅವರು ಬಂದು ಒಂದು ಮಾತು ಹೇಳಿದ್ರ ಸಾಕು."

ವೇಣುಗೋಪಾಲರ ಮುಖದ ಬೆಳಕು ಆರಿತು. "ಖಾಪರಖೇಡಾ ಮೇಲೆ ಹೋಗೋ ಸಾವನೇರ್ ಬಸ್ಸಿನಲ್ಲಿ ಸಿಕ್ಕ ಒಬ್ಬರು," ಅಂದರು. "ಶನಿವಾರ ಶನಿವಾರ ಆ ಕಡೆ ಬರ್ತಿದ್ರು. ಮಾಡಿಕೊಟ್ಟರು. ಹೆಸರು... ಹೆಸರು ಕೇಳಲಿಲ್ಲ."

ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ ಹೇಳಿದ ಸುಳ್ಳು ಅದು ಎಂದು ಕೃಷ್ಣವೇಣಿಗೆ ಕೂಡಲೇ ತಿಳಿಯಿತು. ಶನಿವಾರ ಶನಿವಾರ ಬರುವವನ ಹೆಸರನ್ನು ಯಾರು ತಾನೆ ಕೇಳುವುದಿಲ್ಲ? ತನ್ನ ಹೆಸರು ಉಳಿಸಬಲ್ಲ ಒಬ್ಬನೇ ಸಾಕ್ಷಿಯನ್ನು ಈ ಮುದುಕರು ಯಾಕೆ ಮುಚ್ಚಿಡುತ್ತಿದ್ದಾರೆ?

ಪ್ಲಗ್ಗನ್ನು ಕಿತ್ತು ಕಿಟಕಿಯ ಬೆಳಕಿಗೆ ಹಿಡಿದರು. ಮುರಿದ ಜಾಗದಿಂದ ಹಿಂದಕ್ಕೆ ಗೇಣುದ್ದ ವೈರಿನ ಸುತ್ತ ದಾರ ಬಿಗಿದಿತ್ತು. ಹಳದಿಗಟ್ಟಿದ ಮೇಣದ ದಾರ. ಹೆಬ್ಬೆರಳನ್ನು ಅದರ ಮೇಲೆ ಸಾವಕಾಶವಾಗಿ ಎಳೆದರು. ಒಂದು ಗಂಟು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಒಂದು ಸುತ್ತು ಹೆಚ್ಚು.

ಹೆಬ್ಬೆರಳು ಅಲ್ಲೇ ನಿಂತಿತು.

ಮೇಜಿನ ಮೇಲೆ ಚಕ್ಕುಲಿಯ ಡಬ್ಬಿ ಇತ್ತು. ಅದರ ದಾರ ನೋಡಿದರು. ತಲೆಯ ಮೇಲೆ ತೋರಣ ಇತ್ತು. ಅದರ ದಾರ ನೋಡಿದರು. ಆಮೇಲೆ ಏಣಿಯ ಕಡೆ ತಿರುಗಿದರು. ಶಿವಪ್ರಸಾದ ಏಣಿಯಿಂದ ಇಳಿದು, ಮೂಲೆಯಲ್ಲಿ ಕುಳಿತು, ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕುಡಿಯುತ್ತಿರಲಿಲ್ಲ.

ಮೂವತ್ತು ವರ್ಷ ನಾಗಪುರದ ರೈಲ್ವೆಯಲ್ಲಿ ದುಡಿದವರು. ಖಾಪರಖೇಡಾಕ್ಕೆ ಕಲ್ಲಿದ್ದಲಿನ ಗಾಡಿಗಳು ಹೋಗುವ ದಾರಿಯ ಸಿಗ್ನಲುಗಳನ್ನು ನೋಡಿಕೊಂಡವರು. ಅದು ಯಾವ ದಿಕ್ಕಿಗಿದೆ ಎಂದು ಗೊತ್ತಿಲ್ಲವೆಂದಾಗ ತಾನು ಚಹಾ ಸೋಸುತ್ತ ಹೂಂ ಅಂದುಬಿಟ್ಟಿದ್ದಳಲ್ಲ. ಊರ ಕಳ್ಳರನ್ನೆಲ್ಲ ಹಿಡಿಯುವವಳು. ಕೃಷ್ಣವೇಣಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಗು, ಅದನ್ನು ನುಂಗಿಕೊಂಡರು.

"ರೀ," ಅಂದರು. "ಇಲ್ಲಿ ಬರ್ರಿ. ಈ ಗಂಟು ಯಾರದು?"

ಶಿವಪ್ರಸಾದ ಕಪ್ಪು ಕೆಳಗಿಟ್ಟರು. ಚಹಾವನ್ನು ಅರ್ಧಕ್ಕೆ ಬಿಟ್ಟದ್ದು ಅವರ ಮದುವೆಯಾದ ಮೇಲೆ ಇದೇ ಮೊದಲು. ಅವರು ಹೆಂಡತಿಯನ್ನು ನೋಡಲಿಲ್ಲ, ವೇಣುಗೋಪಾಲರನ್ನು ನೋಡಿದರು. ವೇಣುಗೋಪಾಲರು ಬೇಡ ಎನ್ನುವಂತೆ ಒಂದಿಷ್ಟೇ ತಲೆಯಾಡಿಸಿದರು.

"ಗಂಟು ನಂದs," ಅಂದರು ಶಿವಪ್ರಸಾದ. "ತಂತಿ ತಿರುವುಮುರುವು ಹಚ್ಚಿದ್ದೂ ನಾನs. ಖಾಪರಖೇಡಾದಾಗ, ಇವರ ಮನ್ಯಾಗ, ತೊಂಬತ್ತೊಂಬತ್ತರಾಗ. ಅಷ್ಟು ಹೇಳತೀನಿ, ಬೇಕಾದ್ರ ಬರದೂ ಕೊಡತೀನಿ. ಅಲ್ಲಿಗೆ ಯಾಕ ಹೋಗತಿದ್ದೆ ಅಂತ ಮಾತ್ರ ಕೇಳಬ್ಯಾಡ ವೇಣಿ. ನಿನಗ ಹೇಳಬಾರದು ಅಂತ ನಾವಿಬ್ಬರೂ ಮಾತು ಕೊಟ್ಟೇವಿ."

ಶ್ರೀಕಾಂತನ ಜುಬ್ಬಾದ ಇಸ್ತ್ರಿ ಮೊದಲ ಸಲ ಮುದುಡಿದಂತೆ ಕಂಡಿತು. ಯಾರೂ ಅವನ ಕಡೆ ನೋಡುತ್ತಿರಲಿಲ್ಲ.

"ಯಾರಿಗೆ ಮಾತು ಕೊಟ್ಟೀರಿ?" ಅಂದರು ಕೃಷ್ಣವೇಣಿ.

ಅಷ್ಟರಲ್ಲಿ ಹೊರಗೆ ಸ್ಕೂಟರು ನಿಂತ ಸದ್ದಾಯಿತು. ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಅಮೇಯ ಒಳಗೆ ಬಂದ. ಮಗ ವಾರವಿಡೀ ಆಫೀಸಿನ ಕೆಲಸಕ್ಕೆ ಭೋಪಾಲದಲ್ಲಿದ್ದು, ಮಧ್ಯಾಹ್ನದ ಗಾಡಿಗೆ ಬಂದಿಳಿದು, ಶ್ರೀರಕ್ಷಾಳನ್ನು ಮನೆಗೆ ಕರೆದೊಯ್ಯಲು ಸೀದಾ ಇಲ್ಲಿಗೇ ಬಂದಿದ್ದ. ಹೆಂಡತಿ ಫೋನಿನಲ್ಲಿ ಹೇಳಿದ್ದ 'ಯಾವುದೋ ಹಳೇ ಆಟ' ಅವನ ಕಣ್ಣಿಗೆ ಈಗಲೇ ಬಿದ್ದದ್ದು. ಪ್ಲಗ್ಗು ಕಿತ್ತಿದ್ದರಿಂದ ಹಳೆಯ ಮಾನಿಟರು ಕಪ್ಪಾಗಿತ್ತು. ಲ್ಯಾಪ್‌ಟಾಪಿನಲ್ಲಿ ನೀಲಿ ಹಣ್ಣಿನ ಗಾಡಿ ಮೂರನೆಯ ಸಂತೆಯ ಬಾಗಿಲಲ್ಲಿ ನಿಂತಿತ್ತು.

ಅಮೇಯನ ಮುಖ ಹತ್ತು ವರ್ಷ ಚಿಕ್ಕದಾಯಿತು.

"ಅರೇ, ಇದು ಚಾಲೂ ಆತಾ?" ಅಂದ, ಸುತ್ತ ಯಾರಿದ್ದಾರೆ ಎಂಬ ಪರಿವೆಯಿಲ್ಲದೆ. "ರಕ್ಷಾ, ಜಲ್ದಿ ಮುಂದ ಹೋಗು. ಆರನೇ ಸಂತ್ಯಾಗ ಎಮ್ಮಿ ಅಡ್ಡ ಮಲಗತೈತಿ. ಬರೋಬರ್ ಮೂರು ಸಲ ಗಂಟಿ ಹೊಡಿಬೇಕು. ನಾಲ್ಕನೇದು ಹೊಡದ್ಯೋ, ಮತ್ತ ಮಲಗಿಬಿಡತೈತಿ."

ಶ್ರೀರಕ್ಷಾ ಗಂಡನ ಮುಖವನ್ನೇ ನೋಡುತ್ತ ಉಳಿದಳು. ಆರನೆಯ ಸಂತೆಯನ್ನು ಈ ಸಭಾಂಗಣದಲ್ಲಿ ಇನ್ನೂ ಯಾರೂ ಕಂಡಿರಲಿಲ್ಲ.

ತೊಂಬತ್ತೊಂಬತ್ತರಲ್ಲಿ ಅಮೇಯ ಹನ್ನೆರಡನೆಯ ತರಗತಿ. ಶನಿವಾರ ಶನಿವಾರ ದಿನಪೂರ್ತಿ ಫಿಸಿಕ್ಸ್ ಟ್ಯೂಶನ್ ಇರುತ್ತಿತ್ತು. ಒಂದು ಡಬ್ಬಿ ಸಾಲದು ಅಮ್ಮ, ಎರಡು ಕಟ್ಟು ಅನ್ನುತ್ತಿದ್ದ. ಕೃಷ್ಣವೇಣಿ ಬೆಳಗಿನ ಆರಕ್ಕೆದ್ದು ಎರಡು ಕಟ್ಟುತ್ತಿದ್ದರು, ತಪ್ಪದೆ, ವರ್ಷವಿಡೀ. ಆ ಡಬ್ಬಿಗಳನ್ನು ಅಪ್ಪ-ಮಗ ಬಿಚ್ಚುತ್ತಿದ್ದದ್ದು ಖಾಪರಖೇಡಾದಲ್ಲಿ, ಮಾತು ಕೊಟ್ಟದ್ದು ಈ ಮಗನಿಗೇ ಎಂದು ಅವರಿಗೆ ಈಗ ಹೊಳೆಯಿತು.

ವೇಣುಗೋಪಾಲರು ಕಣ್ಣು ಮುಚ್ಚಿಕೊಂಡರು. ಶಿವಪ್ರಸಾದ ಮೇಣದ ದಾರದ ಉಂಡೆಯನ್ನು ಬೆರಳಿಗೆ ಸುತ್ತತೊಡಗಿದರು.

ಅಮೇಯನ ಹಿಂದೆಯೇ, ಬಣ್ಣದ ಡಬ್ಬಿ ಹಿಡಿದ ಪೇಂಟರು ಬಾಗಿಲಲ್ಲಿ ನಿಂತಿದ್ದ. ಗಡಿಯಾರ ಐದು ಹೊಡೆಯಿತು. ಫಲಕವನ್ನು ಗೋಡೆಗೆ ಆನಿಸಿ, ಕುಂಚ ಅದ್ದಿ, ಅವನು ಕೃಷ್ಣವೇಣಿಯವರ ಕಡೆ ನೋಡಿದ.

"ನಾಂವ್ ಸಾಂಗಾ, ಬಾಯಿ," ಅಂದ. "ಹೆಸರು ಯಾರದು?"